ಅನುದಾನದ ಅರ್ಜಿಗೆ ಜೊತೆಗಾರರನ್ನು ಹುಡುಕುವ ಬಗೆ

ಅನುದಾನದ ಪ್ರಕಟಣೆಯ ಕೊನೆಯ ಪುಟದಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ‘ಸಹಭಾಗಿ ಸಂಸ್ಥೆಗಳೊಡನೆ ಜಂಟಿಯಾಗಿ ಸಲ್ಲಿಸುವ ಪ್ರಸ್ತಾವಗಳಿಗೆ ಆದ್ಯತೆ.’ ನಾಲ್ಕೈದು ಜನ ಸೇರಿ ಸಣ್ಣ ಟ್ರಸ್ಟ್ ನಡೆಸುವವರ ನಿದ್ದೆ ಕೆಡಿಸಲು ಆ ಒಂದು ಸಾಲು ಸಾಕು. ಯೋಜನೆ ಬರೆಯಬಹುದು, ಬಜೆಟ್ ಹಾಕಬಹುದು. ಹದಿನೈದು ದಿನದಲ್ಲಿ ನಂಬಿಕೆಯ ಜೊತೆಗಾರರನ್ನು ಎಲ್ಲಿಂದ ತರುವುದು?

ತುಮಕೂರು ಜಿಲ್ಲೆಯ ಪಾವಗಡ ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಮಳೆನೀರಿನ ತೊಟ್ಟಿ ಕಟ್ಟಿಸುವ ಯೋಜನೆಗೆ ನಾವು ಮೊದಲ ಬಾರಿ ಹೀಗೆ ಹೊರಟಾಗ ಕೊನೆಯ ದಿನಕ್ಕೆ ಹತ್ತೊಂಬತ್ತು ದಿನ ಉಳಿದಿತ್ತು. ಹನ್ನೊಂದು ಸಂಸ್ಥೆಗಳಿಗೆ ಪತ್ರ ಬರೆದೆವು. ಆರು ಕಡೆಯಿಂದ ಉತ್ತರವೇ ಬರಲಿಲ್ಲ. ಮೂವರು ‘ಒಳ್ಳೆಯ ಕೆಲಸ, ಮುಂದುವರಿಸಿ’ ಎಂದು ಹರಸಿ ಸುಮ್ಮನಾದರು. ಒಬ್ಬರು ಬಜೆಟ್ಟಿನ ಅರ್ಧ ಕೇಳಿದರು. ಇನ್ನೊಬ್ಬರು ತುಂಬು ಮನಸ್ಸಿನಿಂದ ಒಪ್ಪಿಕೊಂಡು, ಕೊನೆಯ ದಿನದ ಹಿಂದಿನ ಸಂಜೆ ಫೋನ್ ಮಾಡಿ, ಅಧ್ಯಕ್ಷರು ಊರಿನಲ್ಲಿಲ್ಲ, ಸಹಿ ಆಗುವುದಿಲ್ಲ ಎಂದರು. ಅರ್ಜಿ ಹೋಗಲಿಲ್ಲ. ಕೊಳವೆ ಬಾವಿಯ ನೀರಿನಲ್ಲಿರುವ ಫ್ಲೋರೈಡಿನಿಂದ ಹಲ್ಲು ಕಂದಿದ ಮಕ್ಕಳ ಮುಖ ಕಣ್ಣ ಮುಂದಿದ್ದಾಗ ಇಂಥ ಸೋಲು ಬರಿಯ ಕಡತದ ಸೋಲಾಗಿ ಉಳಿಯುವುದಿಲ್ಲ.

ಸಿಟ್ಟು ಇಳಿದ ಮೇಲೆ ನಮ್ಮ ಪತ್ರವನ್ನೇ ತೆಗೆದು ಓದಿದೆವು. ಎರಡು ಪುಟ ನಮ್ಮ ಬಗ್ಗೆ, ಅವರ ಬಗ್ಗೆ ಒಂದೇ ಸಾಲು: ‘ತಾವೂ ನಮ್ಮೊಡನೆ ಕೈಜೋಡಿಸಬೇಕಾಗಿ ವಿನಂತಿ.’ ಕೈ ಜೋಡಿಸಿ ಏನು ಮಾಡಬೇಕು, ಎಷ್ಟು ದಿನ, ಹಣ ಎಷ್ಟು, ಹೊಣೆ ಯಾರದು ಎಂಬುದು ಯಾವುದೂ ಅದರಲ್ಲಿ ಇರಲಿಲ್ಲ. ನಾವು ಕೇಳಿದ್ದು ಅವರ ಲೆಟರ್‌ಹೆಡ್ಡು ಮತ್ತು ಸೀಲನ್ನು ಮಾತ್ರ. ತನ್ನ ಹೆಸರಿನ ಬಗ್ಗೆ ಕಾಳಜಿ ಇರುವ ಯಾವ ಸಂಸ್ಥೆಯೂ ಅದನ್ನು ಅಷ್ಟು ಸುಲಭವಾಗಿ ಕೊಡುವುದಿಲ್ಲ, ಕೊಡಲೂಬಾರದು. ಅಲ್ಲಿಂದ ಮುಂದೆ ನಾವು ದಾರಿ ಬದಲಿಸಿಕೊಂಡೆವು. ಅದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

1. ಯಾವ ಕೆಲಸ ನಿಮ್ಮ ಕೈಲಾಗದು ಎಂದು ಮೊದಲು ಬರೆಯಿರಿ

ಜೊತೆಗಾರರ ಪಟ್ಟಿ ಮಾಡುವ ಮುನ್ನ ಕೆಲಸಗಳ ಪಟ್ಟಿ ಮಾಡಿ. ನಮ್ಮ ಯೋಜನೆಯ ಲೆಕ್ಕ ಸರಳವಾಗಿತ್ತು. 100 ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೆ 50,000 ಲೀಟರ್. ಐದರಲ್ಲೊಂದು ಪಾಲು ಚೆಲ್ಲಿಹೋದರೂ 40,000 ಲೀಟರ್ ಕೈಗೆ ಸಿಗುತ್ತದೆ. 100 ಮಕ್ಕಳು ದಿನಕ್ಕೆ ಎರಡು ಲೀಟರಿನಂತೆ 200 ದಿನ ಕುಡಿದರೆ ಬೇಕಾಗುವುದೂ ಅಷ್ಟೇ. ಊರವರನ್ನು, ಶಿಕ್ಷಕರನ್ನು ಒಪ್ಪಿಸುವುದು, ಕಟ್ಟಿಸುವುದು, ಲೆಕ್ಕ ಇಡುವುದು ನಮಗೆ ಬರುತ್ತಿತ್ತು.

ಬಾರದಿದ್ದವು ಮೂರು. ಒಂದು, ನೀರಿನ ಪರೀಕ್ಷೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲ ಇಲ್ಲದಿದ್ದರೆ ಮಾತ್ರ 1.5ರವರೆಗೆ ಸಹಿಸಬಹುದು. ಅದನ್ನು ಅಳೆದು ಸಹಿ ಹಾಕಿ ಕೊಡುವ ಪ್ರಯೋಗಾಲಯ ನಮಗಿರಲಿಲ್ಲ. ಎರಡು, ತೊಟ್ಟಿಯ ಅಳತೆ. ಮಳೆ ಕೆಲವೇ ವಾರಗಳಲ್ಲಿ ಸುರಿದು ನಿಲ್ಲುವ ಊರಿನಲ್ಲಿ ಎಷ್ಟು ಲೀಟರಿನ ತೊಟ್ಟಿ ಸಾಕು ಎಂದು ಹೇಳಲು ಸಿವಿಲ್ ಎಂಜಿನಿಯರ್ ಬೇಕು. ಮೂರು, ನಾವು ಹೋದ ಮೇಲೆ ಚಾವಣಿ ಗುಡಿಸುವವರು, ಮೊದಲ ಮಳೆಯ ನೀರನ್ನು ಹೊರಗೆ ಬಿಡುವವರು, ತೊಟ್ಟಿ ತೊಳೆಸುವವರು.

ಈ ಮೂರು ಖಾಲಿ ಜಾಗಗಳಿಗೆ ಬೇಕಾದದ್ದು ಮೂವರು ಜೊತೆಗಾರರು. ನಾಲ್ಕನೆಯವರು ಬೇಡ. ಖಾಲಿ ಜಾಗವೇ ಇಲ್ಲದಿದ್ದರೆ ಜಂಟಿ ಅರ್ಜಿಯ ಗೊಡವೆಗೆ ಹೋಗದೆ ಒಬ್ಬರೇ ಅರ್ಜಿ ಹಾಕಿ. ಅಂಕ ಹೆಚ್ಚು ಸಿಗುತ್ತದೆಂದು ಸೇರಿಸಿಕೊಂಡ ಹೆಸರು ಮುಂದೆ ಪ್ರತಿ ತ್ರೈಮಾಸಿಕ ವರದಿಯಲ್ಲೂ ಕುತ್ತಿಗೆಗೆ ಬೀಳುತ್ತದೆ.

ಒಪ್ಪಿಗೆ ಕೊಡುವವರನ್ನು ಜೊತೆಗಾರರೊಡನೆ ಬೆರೆಸಬೇಡಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ನಿರ್ಣಯ, ಕ್ಷೇತ್ರ ಶಿಕ್ಷಣಾಧಿಕಾರಿಯ ಅನುಮತಿ ಪತ್ರ ಬೇಕೇ ಬೇಕು, ಆದರೆ ಅವರು ಸಹಭಾಗಿಗಳಲ್ಲ. ಕೆರೆ ಕೆಲಸವಾದರೆ ಅದು ಯಾರ ಕೆರೆ ಎಂದು ಮೊದಲು ತಿಳಿಯಿರಿ. ಕರ್ನಾಟಕದಲ್ಲಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ (ಕೆರೆ ನೀರುಣಿಸುವ ಜಮೀನಿನ) ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಯ ಕೈಯಲ್ಲಿವೆ, 40ರಿಂದ 2,000 ಹೆಕ್ಟೇರಿನವು ಸಣ್ಣ ನೀರಾವರಿ ಇಲಾಖೆಯವು. ತಪ್ಪು ಕಚೇರಿಯ ಬಾಗಿಲು ಬಡಿದು ತಿಂಗಳು ಕಳೆದವರನ್ನು ನೋಡಿದ್ದೇನೆ.

2. ಮನಸ್ಸಿಗಿಂತ ಮೊದಲು ಕಾಗದ ಕೂಡಬೇಕು

ಈ ಹಂತವನ್ನು ದಯವಿಟ್ಟು ಹಾರಿಸಬೇಡಿ. ಇಬ್ಬರು ಒಳ್ಳೆಯವರು ಒಪ್ಪಿದರೂ ಕಾನೂನು ಒಪ್ಪದಿದ್ದರೆ ಜಂಟಿ ಅರ್ಜಿ ನಿಲ್ಲುವುದಿಲ್ಲ. ಹಣ ಎಲ್ಲಿಂದ ಬರುತ್ತದೆ ಎನ್ನುವುದರ ಮೇಲೆ ಜೊತೆಗಾರಿಕೆಯ ಆಕಾರ ನಿಂತಿದೆ.

ವಿದೇಶಿ ದೇಣಿಗೆ ಆಗಿದ್ದರೆ: 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯ ನಂತರ, ಹಾಗೆ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆ ಸಂಸ್ಥೆಗೂ ಅದೇ ಕಾಯ್ದೆಯ ನೋಂದಣಿ ಇದ್ದರೂ ಇಲ್ಲ. ಅದಕ್ಕೂ ಮುನ್ನ ಬೆಂಗಳೂರಿನ ದೊಡ್ಡ ಸಂಸ್ಥೆ ಹಣ ಪಡೆದು ತಾಲ್ಲೂಕಿನ ಸಣ್ಣ ಸಂಸ್ಥೆಗಳಿಗೆ ಹಂಚುತ್ತಿದ್ದ ಪದ್ಧತಿ ಇತ್ತು. ಅನೇಕ ಸಣ್ಣ ಸಂಸ್ಥೆಗಳು ಅದರಲ್ಲೇ ಬದುಕಿದ್ದವು. ಆ ದಾರಿ ಮುಚ್ಚಿದೆ. ಆಡಳಿತ ವೆಚ್ಚದ ಮಿತಿಯೂ ಶೇ. 50ರಿಂದ ಶೇ. 20ಕ್ಕೆ ಇಳಿದಿದೆ. ಹಾಗಾಗಿ ದೊಡ್ಡ ಸಂಸ್ಥೆಯೊಂದು ‘ಹಣ ಬಂದರೆ ನಿಮಗೂ ಕೊಡುತ್ತೇವೆ’ ಎಂದರೆ, ಯಾವ ಖಾತೆಯಿಂದ ಎಂದು ಅಲ್ಲೇ ಕೇಳಿ. ಕೇಳಲು ಸಂಕೋಚ ಬೇಡ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಆಗಿದ್ದರೆ: 2013ರ ಕಂಪನಿಗಳ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ₹500 ಕೋಟಿ ನಿವ್ವಳ ಮೌಲ್ಯ, ₹1,000 ಕೋಟಿ ವಹಿವಾಟು ಅಥವಾ ₹5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. 2021ರ ಏಪ್ರಿಲ್ 1ರಿಂದ ಈ ಹಣದಲ್ಲಿ ಕೆಲಸ ಮಾಡುವ ಸಂಸ್ಥೆ ಸಿಎಸ್‌ಆರ್-1 ನಮೂನೆ ತುಂಬಿ ನೋಂದಣಿ ಸಂಖ್ಯೆ ಪಡೆದಿರಬೇಕು. ಸ್ವತಂತ್ರ ಟ್ರಸ್ಟ್ ಅಥವಾ ಸಂಘವಾದರೆ ಆದಾಯ ತೆರಿಗೆಯ 12ಎ (ಸಂಸ್ಥೆಯ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ (ದಾನಿಗಳಿಗೆ ವಿನಾಯಿತಿ) ನೋಂದಣಿ, ಜೊತೆಗೆ ಅಂಥದೇ ಕೆಲಸದಲ್ಲಿ ಮೂರು ವರ್ಷದ ಅನುಭವ ಬೇಕು.

ನಿಮ್ಮ ಜೊತೆಗಾರರಿಗೆ ಸಿಎಸ್‌ಆರ್-1 ಇಲ್ಲದಿದ್ದರೆ, ಹಣ ನಿಮ್ಮ ಖಾತೆಗೆ ಬಂದು ನಿಮ್ಮಿಂದ ಅವರಿಗೆ ಹೋಗುವ ವ್ಯವಸ್ಥೆಯನ್ನು ಕಂಪನಿ ಒಪ್ಪುತ್ತದೆಯೇ ಎಂದು ಅರ್ಜಿ ಬರೆಯುವ ಮುನ್ನ ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ. ಇಬ್ಬರಿಗೂ ನೋಂದಣಿ ಇದ್ದರೆ ಕಂಪನಿಯೂ ಸೇರಿ ಮೂವರ ಒಪ್ಪಂದ ಮಾಡಿಕೊಂಡು, ಅವರವರ ಪಾಲು ಅವರವರ ಖಾತೆಗೆ ನೇರವಾಗಿ ಬರುವಂತೆ ಮಾಡುವುದು ಎಲ್ಲಕ್ಕಿಂತ ಸುರಕ್ಷಿತ.

ದೇಶದೊಳಗಿನ ಟ್ರಸ್ಟಿನ ಹಣವೇ ಆದರೂ ಒಂದು ತೊಡಕಿದೆ. 2023ರ ಹಣಕಾಸು ಕಾಯ್ದೆಯ ಬದಲಾವಣೆಯಿಂದ, ಒಂದು ಟ್ರಸ್ಟ್ ಇನ್ನೊಂದಕ್ಕೆ ದೇಣಿಗೆಯಾಗಿ ಕೊಟ್ಟ ಹಣದಲ್ಲಿ ಶೇ. 85ರಷ್ಟನ್ನು ಮಾತ್ರ ದತ್ತಿ ಕಾರ್ಯಕ್ಕೆ ಬಳಸಿದ್ದು ಎಂದು ತೆರಿಗೆಯಲ್ಲಿ ಲೆಕ್ಕ ಹಿಡಿಯುತ್ತಾರೆ. ಜೊತೆಗಾರರಿಗೆ ₹10 ಲಕ್ಷ ದಾಟಿಸಿದರೆ ನಿಮ್ಮ ಪುಸ್ತಕದಲ್ಲಿ ಬಳಕೆಯಾಗುವುದು ₹8.5 ಲಕ್ಷ. ದೇಣಿಗೆಯೋ, ಕೆಲಸಕ್ಕೆ ಕೊಟ್ಟ ಶುಲ್ಕವೋ ಎಂಬುದರ ಮೇಲೆ ಜಿಎಸ್‌ಟಿಯ ಪ್ರಶ್ನೆಯೂ ಏಳುತ್ತದೆ. ಇಲ್ಲಿ ಆಡಿಟರ್ ಮಾತೇ ಕೊನೆಯದು. ಆದರೆ ಸೆಪ್ಟೆಂಬರ್‌ನಲ್ಲಿ ಅವರ ಕಚೇರಿಗೆ ಹೋಗಬೇಡಿ. ಟ್ರಸ್ಟುಗಳ ಆಡಿಟ್ ವರದಿ ಸಲ್ಲಿಸುವ ಗಡಿಬಿಡಿಯಲ್ಲಿ ಅವರಿಗೆ ತಲೆ ಎತ್ತಲೂ ಬಿಡುವಿರುವುದಿಲ್ಲ.

ಇಷ್ಟಕ್ಕೂ ಒಂದೇ ಉಪಾಯ: ನಿಮ್ಮದೊಂದು ಕಡತ ಸಿದ್ಧವಿಟ್ಟು, ಅದರ ಪಟ್ಟಿಯನ್ನೇ ಅವರಿಗೂ ಕಳುಹಿಸಿ. ಟ್ರಸ್ಟ್ ಡೀಡ್ ಅಥವಾ ಸಂಘದ ನೋಂದಣಿ ಪತ್ರ, ಪಾನ್, 12ಎ, 80ಜಿ, ನೀತಿ ಆಯೋಗದ ದರ್ಪಣ್ (ಸ್ವಯಂಸೇವಾ ಸಂಸ್ಥೆಗಳ ನೋಂದಣಿ ಜಾಲತಾಣ) ಸಂಖ್ಯೆ, ಸಿಎಸ್‌ಆರ್-1, ಮೂರು ವರ್ಷದ ಆಡಿಟ್ ವರದಿ, ಈಗಿನ ಟ್ರಸ್ಟಿಗಳ ಪಟ್ಟಿ. ಸಂಘವಾದರೆ ಜಿಲ್ಲಾ ನೋಂದಣಾಧಿಕಾರಿಯವರಿಗೆ ವಾರ್ಷಿಕ ಪಟ್ಟಿ ಸಲ್ಲಿಸಿದ ದಾಖಲೆ. ಈ ಕೊನೆಯದು ಬಾಕಿ ಉಳಿಸಿಕೊಂಡ ಸಂಘಗಳು ಬಹಳ, ಮತ್ತು ಅದು ಗೊತ್ತಾಗುವುದು ಕೊನೆಯ ವಾರದಲ್ಲಿ.

3. ಹತ್ತಿರದಲ್ಲಿ ಹುಡುಕಿ

ದರ್ಪಣ್ ಜಾಲತಾಣದಲ್ಲಿ ಜಿಲ್ಲಾವಾರು ಹೆಸರುಗಳು ಸಿಗುತ್ತವೆ. ಅವು ಬರಿಯ ಹೆಸರುಗಳು, ಅಲ್ಲಿಂದ ಕೆಲಸ ಶುರುವಾಗುವುದಿಲ್ಲ. ನಮಗೆ ಸಿಕ್ಕ ಮೂವರೂ ನಲವತ್ತು ಕಿಲೋಮೀಟರ್ ಒಳಗಿನವರು, ಮತ್ತು ಮೂವರಲ್ಲಿ ಒಬ್ಬರೂ ನಮ್ಮ ಮೊದಲ ಪಟ್ಟಿಯಲ್ಲಿ ಇರಲಿಲ್ಲ. ನೀರಿನ ಪರೀಕ್ಷೆಗೂ ತೊಟ್ಟಿಯ ಅಳತೆಗೂ ಒಂದೇ ಕಾಲೇಜು ಸಾಕಾದೀತು ಎಂದುಕೊಂಡಿದ್ದೆವು. ಪ್ರಯೋಗಾಲಯ ಒಂದು ಪದವಿ ಕಾಲೇಜಿನಲ್ಲಿ, ಎಂಜಿನಿಯರುಗಳು ಇನ್ನೊಂದರಲ್ಲಿ ಸಿಕ್ಕರು. ತೊಟ್ಟಿ ನೋಡಿಕೊಳ್ಳಲು ಮುಂದೆ ಬಂದವರು ಗ್ರಾಮ ಪಂಚಾಯಿತಿ ಮಟ್ಟದ ಸಂಜೀವಿನಿ ಒಕ್ಕೂಟದ, ಅಂದರೆ ಮಹಿಳಾ ಸ್ವಸಹಾಯ ಗುಂಪುಗಳ ಒಕ್ಕೂಟದ, ಹೆಣ್ಣುಮಕ್ಕಳು. ಅವರ ಮಕ್ಕಳೇ ಆ ಶಾಲೆಯಲ್ಲಿ ಓದುತ್ತಿದ್ದರು. ಲೆಕ್ಕದ ಪುಸ್ತಕ, ನಡಾವಳಿ, ಬ್ಯಾಂಕ್ ಖಾತೆ ಎಲ್ಲವೂ ಅವರಲ್ಲಿ ಅಚ್ಚುಕಟ್ಟಾಗಿದ್ದವು. ಅನೇಕ ಟ್ರಸ್ಟುಗಳಲ್ಲಿ ಅಷ್ಟು ಅಚ್ಚುಕಟ್ಟು ನಾನು ಕಂಡಿಲ್ಲ.

ಕೇಳಬೇಕಾದವರು ಯಾರು? ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯ ಗುಮಾಸ್ತರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅರಿವು ಕೇಂದ್ರದ ಗ್ರಂಥಪಾಲಕರು, ಆಶಾ ಕಾರ್ಯಕರ್ತೆಯರು. ‘ಇಲ್ಲಿ ಹಣ ಮುಗಿದ ಮೇಲೂ ಬಂದು ಹೋಗುವ ಸಂಸ್ಥೆ ಯಾವುದು?’ ಎಂದು ಇದೊಂದೇ ಪ್ರಶ್ನೆ ಕೇಳಿ. ಎರಡು ಮೂರು ಹೆಸರುಗಳು ಬರುತ್ತವೆ. ಎಲ್ಲರ ಬಾಯಲ್ಲೂ ಬಂದ ಹೆಸರನ್ನು ಬರೆದುಕೊಳ್ಳಿ.

ದೊಡ್ಡ ಸಂಸ್ಥೆಗಳನ್ನು ಬಿಡಬೇಕೆಂದಲ್ಲ. ಆದರೆ ಅವರ ಒಪ್ಪಿಗೆ ಮೂರು ಮೇಜು ದಾಟಿ ಬರಬೇಕು. ಒಂದೂವರೆ ತಿಂಗಳಿಗಿಂತ ಕಡಿಮೆ ಸಮಯವಿದ್ದರೆ ಅವರಿಗಾಗಿ ಕಾಯಬೇಡಿ.

4. ಪತ್ರ ಒಂದು ಪುಟ ಮೀರದಿರಲಿ

ಕಾಲೇಜಿಗೆ ನಾವು ಎರಡನೆಯ ಸುತ್ತಿನಲ್ಲಿ ಬರೆದ ಪತ್ರದ ತಿರುಳು ಹೀಗಿತ್ತು. ನಿಮ್ಮ ವಿವರ ಹಾಕಿ ಬಳಸಿಕೊಳ್ಳಬಹುದು.

‘ಮಾನ್ಯ ಪ್ರಾಂಶುಪಾಲರಿಗೆ, ನಮಸ್ಕಾರಗಳು. ನಮ್ಮ ತಾಲ್ಲೂಕಿನ 12 ಸರ್ಕಾರಿ ಶಾಲೆಗಳಲ್ಲಿ ಮಳೆನೀರಿನ ತೊಟ್ಟಿ ಕಟ್ಟಿಸಲು ಅನುದಾನಕ್ಕೆ ಅರ್ಜಿ ಸಲ್ಲಿಸುತ್ತಿದ್ದೇವೆ. ತಮ್ಮ ರಸಾಯನಶಾಸ್ತ್ರ ವಿಭಾಗದಿಂದ ಒಂದು ಕೆಲಸ ಬೇಕಾಗಿದೆ: ವರ್ಷಕ್ಕೆ ನಾಲ್ಕು ಬಾರಿ, ಪ್ರತಿ ಶಾಲೆಯಿಂದ ಎರಡು ನೀರಿನ ಮಾದರಿಯ ಫ್ಲೋರೈಡ್ ಪರೀಕ್ಷೆ, ಒಟ್ಟು 96 ಮಾದರಿಗಳು. ಮಾದರಿಗಳನ್ನು ನಾವೇ ತಂದುಕೊಡುತ್ತೇವೆ. ಪರೀಕ್ಷಾ ಶುಲ್ಕ, ರಾಸಾಯನಿಕಗಳ ವೆಚ್ಚ ಮತ್ತು ಇಬ್ಬರು ವಿದ್ಯಾರ್ಥಿಗಳ ಗೌರವಧನವನ್ನು ತಾವು ಹೇಳಿದಂತೆ ಬಜೆಟ್ಟಿನಲ್ಲಿ ಸೇರಿಸುತ್ತೇವೆ. ಅನುದಾನ ಸಿಗದಿದ್ದರೆ ತಮ್ಮ ಮೇಲೆ ಯಾವ ಹೊಣೆಯೂ ಇಲ್ಲ. ಅರ್ಜಿಗೆ ತಮ್ಮಿಂದ ಬೇಕಾದದ್ದು ಒಂದು ಒಪ್ಪಿಗೆ ಪತ್ರ. ಅದರ ಕರಡನ್ನು ಲಗತ್ತಿಸಿದ್ದೇವೆ. ಇದೇ 14ರೊಳಗೆ ಆಗುತ್ತದೆ ಅಥವಾ ಆಗುವುದಿಲ್ಲ ಎಂದು ತಿಳಿಸಿದರೆ ಉಪಕಾರ. ಆಗುವುದಿಲ್ಲ ಎಂದರೂ ನಮಗೆ ಬೇಸರವಿಲ್ಲ.’

ಆ ಕೊನೆಯ ಸಾಲನ್ನು ತಪ್ಪದೆ ಬರೆಯಿರಿ. ನಮ್ಮಲ್ಲಿ ‘ಇಲ್ಲ’ ಎನ್ನುವುದನ್ನು ಒರಟುತನ ಎಂದುಕೊಳ್ಳುತ್ತೇವೆ. ಅದಕ್ಕೇ ‘ನೋಡೋಣ’, ‘ಮಾತಾಡೋಣ’, ‘ಕಮಿಟಿಯಲ್ಲಿ ಇಡುತ್ತೇನೆ’ ಎಂಬ ಮಾತುಗಳಲ್ಲಿ ದಿನಗಳು ಕಳೆದುಹೋಗುತ್ತವೆ. ಇಲ್ಲ ಎನ್ನಲು ನೀವೇ ದಾರಿ ಮಾಡಿಕೊಟ್ಟರೆ ಮೂರನೆಯ ದಿನವೇ ಉತ್ತರ ಬರುತ್ತದೆ, ನೀವು ಮುಂದಿನವರ ಬಳಿ ಹೋಗಬಹುದು.

5. ಉತ್ತರ ಬರದಿದ್ದಾಗ

ಪತ್ರ ಕಳುಹಿಸಿದ ಮೂರನೆಯ ದಿನ ಒಂದು ಫೋನ್, ಆರನೆಯ ದಿನ ಖುದ್ದು ಭೇಟಿ, ಒಂಬತ್ತನೆಯ ದಿನ ಎರಡೇ ಸಾಲಿನ ಸಂದೇಶ: ‘ಸಮಯ ಕಡಿಮೆ ಇರುವುದರಿಂದ ಬೇರೆಯವರನ್ನು ಕೇಳುತ್ತಿದ್ದೇವೆ, ಮುಂದಿನ ಬಾರಿ ಖಂಡಿತ ತಮ್ಮನ್ನು ಸಂಪರ್ಕಿಸುತ್ತೇವೆ.’ ಅಲ್ಲಿಗೆ ಬಿಡಿ. ಮೌನವನ್ನು ಅವಮಾನ ಎಂದು ತೆಗೆದುಕೊಳ್ಳಬೇಡಿ. ಆ ಕಡೆಯೂ ಒಬ್ಬರೇ ಲೆಕ್ಕ ಬರೆದು, ಒಬ್ಬರೇ ವರದಿ ಮಾಡಿ, ತಿಂಗಳ ಸಂಬಳಕ್ಕೆ ಹಣ ಹೊಂದಿಸುತ್ತಿರುತ್ತಾರೆ.

ಖುದ್ದು ಭೇಟಿಗೆ ಹೋದಾಗ ಕಾರ್ಯದರ್ಶಿಯನ್ನು ಮಾತ್ರ ಕಂಡು ಬರಬೇಡಿ. ಸಹಿ ಹಾಕುವವರು ಯಾರು, ಮುಂದಿನ ಟ್ರಸ್ಟಿಗಳ ಸಭೆ ಯಾವಾಗ, ಆ ದಿನಗಳಲ್ಲಿ ಅಧ್ಯಕ್ಷರು ಊರಿನಲ್ಲಿ ಇರುತ್ತಾರೆಯೇ ಎಂದು ನೇರವಾಗಿ ಕೇಳಿ. ಹಿಂದಿನ ಸಂಜೆಯ ಆ ಫೋನ್ ಕರೆ ನಮಗೆ ಕಲಿಸಿದ್ದು ಇದು.

6. ಹಣದ ಮಾತನ್ನು ಮೊದಲ ಭೇಟಿಯಲ್ಲೇ ಆಡಿ

ಸೇವೆಯ ಕೆಲಸದಲ್ಲಿ ಹಣದ ಮಾತೆತ್ತಲು ನಮಗೆಲ್ಲ ಮುಜುಗರ. ಆ ಮುಜುಗರದಿಂದಲೇ ಹೆಚ್ಚು ಜೊತೆಗಾರಿಕೆಗಳು ಮುರಿದಿವೆ. ಮೊತ್ತವನ್ನು ಸಂಸ್ಥೆಗಳ ನಡುವೆ ಪಾಲು ಮಾಡಬೇಡಿ, ಕೆಲಸಗಳಿಗೆ ಬೆಲೆ ಕಟ್ಟಿ. ಬಜೆಟ್ಟಿನ ಅರ್ಧ ಕೇಳಿದ ಸಂಸ್ಥೆಯೊಡನೆ ನಾವು ಜಗಳಕ್ಕೆ ನಿಂತದ್ದು ಪಾಲಿನ ಲೆಕ್ಕ ಹಾಕಿದ್ದರಿಂದ. ‘ಈ ಕೆಲಸಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು’ ಎಂದು ಕೇಳಿದ್ದರೆ ಅವರೂ ಬೇರೆ ಉತ್ತರ ಕೊಡುತ್ತಿದ್ದರೇನೋ.

ಮುಂಚೂಣಿಯ ಸಂಸ್ಥೆಗೆ ಹೆಚ್ಚಿನ ಹೊರೆ ಇದೆ: ಎಲ್ಲರ ಬಿಲ್ಲು ಒಟ್ಟುಗೂಡಿಸುವುದು, ಬಳಕೆ ಪ್ರಮಾಣಪತ್ರ ಕೊಡುವುದು, ಆಡಿಟ್ ಮಾಡಿಸುವುದು. ಅದಕ್ಕೆ ಬೇರೆ ಬಾಬ್ತು ಹಾಕಿ, ಎಲ್ಲರಿಗೂ ತೋರಿಸಿ. ಸಿಎಸ್‌ಆರ್‌ನಲ್ಲಿ ಆಡಳಿತ ವೆಚ್ಚ ಶೇ. 5 ಮೀರಬಾರದು ಎಂದು ಹೇಳಿ ನಿಮ್ಮ ಲೆಕ್ಕಿಗರ ಸಂಬಳವನ್ನೇ ಕತ್ತರಿಸಲು ಬಂದರೆ ನಿಯಮವನ್ನು ತೆಗೆದು ತೋರಿಸಿ. ಆ ಮಿತಿ ಇರುವುದು ಕಂಪನಿಯು ತನ್ನ ಸಿಎಸ್‌ಆರ್ ವಿಭಾಗದ ಸಾಮಾನ್ಯ ಆಡಳಿತಕ್ಕೆ ಮಾಡುವ ಖರ್ಚಿಗೆ. ನಿರ್ದಿಷ್ಟ ಯೋಜನೆಯ ವಿನ್ಯಾಸ, ಅನುಷ್ಠಾನ, ಮೇಲ್ವಿಚಾರಣೆ, ಮೌಲ್ಯಮಾಪನಕ್ಕೆ ನೇರವಾಗಿ ತಗಲುವ ವೆಚ್ಚ ಅದರೊಳಗೆ ಬರುವುದಿಲ್ಲ ಎಂದು ನಿಯಮದಲ್ಲೇ ಇದೆ.

ಇನ್ನೊಂದು ಕೇಳಲೇಬೇಕಾದ ಪ್ರಶ್ನೆ: ಎರಡನೆಯ ಕಂತು ಮೂರು ತಿಂಗಳು ತಡವಾದರೆ ಯಾರ ಕೈಯಿಂದ ಹಣ ಹೋಗುತ್ತದೆ? ಒಕ್ಕೂಟದ ಹೆಣ್ಣುಮಕ್ಕಳಿಗೆ ಕೊಡುವ ಕೂಲಿಯನ್ನು ಕಂತಿಗೆ ಕಟ್ಟಿ ಹಾಕಬೇಡಿ. ನಾವು ಅವರ ಆರು ತಿಂಗಳ ಮೊತ್ತವನ್ನು ಮೊದಲ ಕಂತಿನಲ್ಲೇ ಬೇರೆ ಇಡುತ್ತೇವೆಂದು ಬರೆದುಕೊಟ್ಟೆವು. ತಡವನ್ನು ತಾಳಿಕೊಳ್ಳುವ ಶಕ್ತಿ ಯಾರಿಗೆ ಕಡಿಮೆಯೋ ಅವರಿಗೆ ಮೊದಲು ಸಿಗಬೇಕು. ಇದರಲ್ಲಿ ನಾನು ರಾಜಿಗೆ ಒಪ್ಪುವುದಿಲ್ಲ.

7. ಒಡಂಬಡಿಕೆ ಪತ್ರ

ಅರ್ಜಿಗೆ ಒಪ್ಪಿಗೆ ಪತ್ರ ಸಾಕು, ಹಣ ಮಂಜೂರಾದ ಮೇಲೆ ಛಾಪಾ ಕಾಗದದ ಮೇಲೆ ಒಡಂಬಡಿಕೆ ಆಗಬೇಕು. ಕನ್ನಡದಲ್ಲೇ ಬರೆಯಿರಿ. ಒಕ್ಕೂಟದ ಅಧ್ಯಕ್ಷೆ ಓದಿ ಅರ್ಥ ಮಾಡಿಕೊಳ್ಳಲಾಗದ ಕಾಗದಕ್ಕೆ ಅವರಿಂದ ಸಹಿ ಪಡೆಯುವುದು ಸರಿಯಲ್ಲ. ಯಾರು ಯಾವ ಕೆಲಸ, ಯಾವ ದಿನಾಂಕದೊಳಗೆ, ಎಷ್ಟು ಹಣ, ಬಿಲ್ಲು ಕೊಡದಿದ್ದರೆ ಏನು, ನಡುವೆ ಬಿಟ್ಟುಹೋಗಬೇಕಾದರೆ ಎಷ್ಟು ದಿನದ ಮುನ್ಸೂಚನೆ ಎಂಬುದಿರಲಿ. ಕಟ್ಟಿದ ತೊಟ್ಟಿಯ ಮೇಲೆ ಯಾರ ಯಾರ ಹೆಸರು, ಯಾವ ಕ್ರಮದಲ್ಲಿ ಎಂಬುದೂ ಇರಲಿ. ಹೆಸರಿನ ಫಲಕದ ವಿಚಾರದಲ್ಲಿ ಮುನಿಸಿಕೊಂಡು ಉದ್ಘಾಟನೆಗೆ ಬಾರದವರಿದ್ದಾರೆ. ಪ್ರತಿ ಸಂಸ್ಥೆಯ ಸಭಾ ನಿರ್ಣಯದ ಪ್ರತಿಯೂ ಜೊತೆಗಿರಬೇಕು. ಅಧ್ಯಕ್ಷರು ಬದಲಾದಾಗ ಒಡಂಬಡಿಕೆಯನ್ನು ಉಳಿಸುವುದು ಅದೇ.

8. ಪ್ರಕಟಣೆ ಬರುವ ಮುಂಚೆ

ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಜನವರಿಯಿಂದ ಮಾರ್ಚಿನವರೆಗೆ ಕಂಪನಿಗಳಿಗೆ ಉಳಿದ ಹಣ ಖರ್ಚು ಮಾಡುವ ಅವಸರ, ಆಗ ಬರುವ ಪ್ರಕಟಣೆಗಳಿಗೆ ಕಾಲಾವಕಾಶ ಬಹಳ ಕಡಿಮೆ. ಆದ್ದರಿಂದ ಜೊತೆಗಾರರನ್ನು ಹುಡುಕುವ ಕಾಲ ಜೂನ್, ಜುಲೈ. ಅರ್ಜಿ ಎದುರಿಗಿಲ್ಲದಾಗ ಒಂದು ಸಣ್ಣ ಕೆಲಸವನ್ನು ಹಣವಿಲ್ಲದೆ ಒಟ್ಟಿಗೆ ಮಾಡಿ ನೋಡಿ. ಹೇಳಿದ ಹೊತ್ತಿಗೆ ಬರುತ್ತಾರೆಯೇ, ಬರೆದುಕೊಡುತ್ತೇನೆಂದದ್ದನ್ನು ಬರೆದುಕೊಡುತ್ತಾರೆಯೇ ಎಂಬುದು ಒಂದೇ ದಿನದಲ್ಲಿ ತಿಳಿಯುತ್ತದೆ.

ಇಷ್ಟೆಲ್ಲ ಮಾಡಿಯೂ ಅರ್ಜಿ ತಿರಸ್ಕೃತವಾಗಬಹುದು. ನಮ್ಮ ಎರಡನೆಯ ಅರ್ಜಿಯೂ ಆಯಿತು. ಆ ದಿನವೇ ಮೂವರಿಗೂ ಫೋನ್ ಮಾಡಿ ಹೇಳಿ. ಇನ್ನೊಬ್ಬರಿಂದ ಅವರಿಗೆ ತಿಳಿಯಬಾರದು. ಕಾರಣ ಬರೆದು ಕಳುಹಿಸಿದ್ದರೆ ಅದನ್ನು ಅವರಿಗೂ ಕಳುಹಿಸಿ. ನಮಗೆ ಬಂದ ಟಿಪ್ಪಣಿಯಲ್ಲಿ, ಈಗಿರುವ ನೀರಿನ ಗುಣಮಟ್ಟದ ದಾಖಲೆ ಇಲ್ಲ ಎಂದಿತ್ತು. ಅದನ್ನು ಓದಿದ ಕಾಲೇಜಿನ ಅಧ್ಯಾಪಕರು, ‘ಹಣ ಬರುವವರೆಗೆ ಯಾಕೆ ಕಾಯಬೇಕು, ನಾಲ್ಕು ಶಾಲೆಯ ನೀರು ತನ್ನಿ’ ಎಂದರು. ಶನಿವಾರ ಮಧ್ಯಾಹ್ನ ಒಕ್ಕೂಟದ ಇಬ್ಬರು ನಮ್ಮೊಡನೆ ಬಂದು ಕೊಳವೆ ಬಾವಿಗಳಿಂದ ಬಾಟಲಿ ತುಂಬಿಸಿ, ಮೇಲೆ ಶಾಲೆಯ ಹೆಸರು, ದಿನಾಂಕ ಬರೆದು ಅಂಟಿಸಿದರು. ಆ ನಾಲ್ಕು ವರದಿಗಳು ಮೂರನೆಯ ಅರ್ಜಿಯ ಮೊದಲ ಪುಟಗಳಾಗಿ ಹೋದವು.